ಗುರುಬಸವನ ತಗ್ಗಿನ ಕಿಲ್ಲಾ

ಗುರುಬಸವನ ಎದುರಿಗೆ ಯಾರೂ ‘ಸುಮಾರು’ ಎನ್ನುವ ಮಾತು ಆಡುವಂತಿರಲಿಲ್ಲ. ‘ಸುಮಾರು ಏಳಕ್ಕೆ ಬರ್ತೀವಿ’ ಎಂದು ಫೋನ್ ಮಾಡಿದವರಿಗೆ ಅವನು ‘ಏಳರ ಆಚೆಗೋ ಈಚೆಗೋ’ ಎಂದು ಕೇಳುತ್ತಿದ್ದ. ಹೆಂಡತಿ ಪಲ್ಲವಿ ಉಪ್ಪಿಟ್ಟಿಗೆ ನೀರು ಕಣ್ಣಂದಾಜಿನಲ್ಲಿ ಸುರಿಯುವಾಗ ಅವನು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತಿದ್ದ. ನೋಡಿದರೆ ಸಂಕಟವಾಗುತ್ತದೆ ಎಂಬುದು ಅವನ ಕಾರಣ. ಉಪ್ಪಿಟ್ಟು ಪ್ರತಿಸಲ ಚೆನ್ನಾಗಿಯೇ ಆಗುತ್ತಿತ್ತು ಎಂಬುದು ಅವನ ಇನ್ನೊಂದು ಸಂಕಟ.

ಬೆಳಗಾವಿಯ ಶಹಾಪುರದಲ್ಲಿ ಹುಟ್ಟಿ, ಧಾರವಾಡದಲ್ಲಿ ಭೂವಿಜ್ಞಾನ ಓದಿ, ಈಗ ಸಿಡ್ನಿಯ ಒಂದು ಕೌನ್ಸಿಲ್ ಆಫೀಸಿನಲ್ಲಿ ಚರಂಡಿಗಳ ನಕ್ಷೆ ಸರಿಪಡಿಸುವ ಕೆಲಸ ಅವನದು. ಹಳೆಯ ಕಾಗದದ ಮೇಲಿನ ಪೈಪು ನಿಜವಾದ ನೆಲದಲ್ಲಿ ಎಲ್ಲಿದೆ ಎಂದು ಹುಡುಕಿ, ಗೆರೆಯನ್ನು ಅಷ್ಟಿಷ್ಟು ಸರಿಸಿ ಕೂರಿಸುವುದು. ಆಫೀಸಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಹೆಸರು ಕೆಟ್ಟದ್ದು ಅವನ ಬಡಾವಣೆ ಗಿರಾವೀನ್‌ನ ಕನ್ನಡ ಬಳಗದಲ್ಲಿ, ಅದೂ ದೀಪಾವಳಿಯ ಕಿಲ್ಲಾದಿಂದ.

ಬೆಳಗಾವಿಯ ಕಡೆ ದೀಪಾವಳಿ ಬಂತೆಂದರೆ ಓಣಿಯ ಹುಡುಗರು ಮಣ್ಣು ಕಲ್ಲು ಗೋಣಿಚೀಲ ಸೇರಿಸಿ ಅಂಗಳದಲ್ಲಿ ಕಿಲ್ಲಾ ಕಟ್ಟುತ್ತಾರೆ. ಗುಡ್ಡ, ಬುರುಜು, ಬಾಗಿಲು, ತುದಿಯಲ್ಲಿ ಸಿಂಹಾಸನದ ಮೇಲೆ ರಾಜ. ಹಬ್ಬಕ್ಕೆ ಮೊದಲೇ ಸಾಸಿವೆ, ಅಳಿವಿ ಕಾಳು ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡದ ತುಂಬ ಹಸಿರು. ಸಿಡ್ನಿಗೆ ಬಂದ ಬೆಳಗಾವಿಯವರು ಇದನ್ನೂ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಇಲ್ಲಿ ಕಟ್ಟುವವರು ಹುಡುಗರಲ್ಲ, ಅವರ ಅಪ್ಪಂದಿರು. ಹುಡುಗರು ಒಳಗೆ ಕೂತು ಐಪ್ಯಾಡ್ ನೋಡುತ್ತಾರೆ. ಇದಕ್ಕೊಂದು ಸ್ಪರ್ಧೆಯೂ ಇದೆ: ಸಿಡ್ನಿಯ ಕಿಲ್ಲಾಗಳಿಗೆ ತೀರ್ಪುಗಾರರು ಮೆಲ್ಬರ್ನ್‌ನಿಂದ ಬರುತ್ತಾರೆ, ಮೆಲ್ಬರ್ನ್‌ನವಕ್ಕೆ ಸಿಡ್ನಿಯಿಂದ ಹೋಗುತ್ತಾರೆ. ಪಕ್ಷಪಾತ ಬೇಡ ಎಂದು ಈ ಏರ್ಪಾಡು.

ಹಿಂದಿನ ವರ್ಷ ಗುರುಬಸವ ಊರ ಹತ್ತಿರದ ಒಂದು ಗುಡ್ಡದ ಕೋಟೆಯನ್ನು ನಕ್ಷೆ ಇಟ್ಟುಕೊಂಡು ನಿಖರವಾದ ಸ್ಕೇಲ್‌ನಲ್ಲಿ ಕಟ್ಟಿದ್ದ. ಇಲ್ಲೊಂದು ಸಂಗತಿ ಇದೆ. ಗುಡ್ಡ ನಮ್ಮ ಕಣ್ಣಿಗೆ ಎಷ್ಟೇ ಎತ್ತರ ಕಂಡರೂ ಅದರ ಅಗಲ ಎತ್ತರಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚಿರಬಹುದು. ಮಾದರಿ ಮಾಡುವವರೆಲ್ಲ ಗುಟ್ಟಾಗಿ ಎತ್ತರವನ್ನು ಹಿಗ್ಗಿಸುತ್ತಾರೆ. ಗುರುಬಸವ ಹಿಗ್ಗಿಸುವವನಲ್ಲ. ಅವನ ಕೋಟೆ ನಾಲ್ಕು ಬೆರಳು ಎತ್ತರವಾಯಿತು. ಜೋಳದ ರೊಟ್ಟಿ ಸ್ವಲ್ಪ ಉಬ್ಬಿದರೆ ಹೇಗೋ ಹಾಗೆ. ನೋಡಲು ಬಂದವರು ಕೋಟೆಯ ಮೇಲೆಯೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ‘ಎಲ್ರೀ ಕಿಲ್ಲಾ?’ ಎಂದು ಕೇಳಿದರು.

ಬಳಗದ ಅಧ್ಯಕ್ಷ ಲತೇಶ್ ಉಡುಪಿಯವನು. ಕಿಲ್ಲಾ ಅವನ ಊರಿನ ಪದ್ಧತಿಯಲ್ಲ, ಆದರೆ ನಿಯಮ ಎಲ್ಲಿದ್ದರೂ ಅದು ಅವನ ಪದ್ಧತಿ. ವಾರ್ಷಿಕ ಸಭೆಯಲ್ಲಿ ಅವನು ಎದ್ದು ನಿಂತ.

“ಗುರುಬಸವ, ಬೇಜಾರು ಮಾಡ್ಕೊಳ್ಬೇಡ ಮಾರಾಯ. ಈ ಸಲ ನಿನಗೆ ಮೊದಲೆರಡರಲ್ಲಿ ಒಂದು ಬಹುಮಾನ ಬರದಿದ್ರೆ ಕಿಲ್ಲಾ ಬಿಟ್ಟುಬಿಡು. ನಮಗೆ ಪಾರ್ಕಿಂಗಿಗೆ ಒಂದು ಪರ್ಮನೆಂಟ್ ಜನ ಬೇಕು. ನೀನು ಗೆರೆ ಎಳೆಯುವುದರಲ್ಲಿ ಹುಷಾರು.”

ಸಭೆ ಚಪ್ಪಾಳೆ ತಟ್ಟಿತು. ಪಾರ್ಕಿಂಗ್ ಡ್ಯೂಟಿ ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಬಳಗದ ಪ್ರತಿ ಕಾರ್ಯಕ್ರಮದಲ್ಲೂ ಹೊಳೆಯುವ ಹಳದಿ ಜಾಕೆಟ್ ತೊಟ್ಟು ಬಾಡಿಗೆಗೆ ಹಿಡಿದ ಶಾಲೆಯ ಗೇಟಿನಲ್ಲಿ ನಿಲ್ಲಬೇಕು. ‘ಅಲ್ಲಿ ನಿಲ್ಲಿಸಬ್ಯಾಡ್ರಿ, ಫೈರ್ ಇಂಜಿನ್ ದಾರಿ ಅದು’ ಎಂದು ಪ್ರತಿಯೊಬ್ಬರಿಗೂ ಹೇಳಬೇಕು. ಪ್ರತಿಯೊಬ್ಬರೂ ‘ಎರಡೇ ನಿಮಿಷ’ ಎಂದು ನಿಲ್ಲಿಸಿ ಹೋಗುತ್ತಾರೆ. ಕೊನೆಯ ಕಾರು ಬಂದು ನೀವು ಒಳಗೆ ಹೋಗುವಷ್ಟರಲ್ಲಿ ಹೋಳಿಗೆ ಮುಗಿದು, ಅನ್ನ ಮತ್ತು ತಣ್ಣಗಾದ ಸಾರು ಉಳಿದಿರುತ್ತದೆ. ಮನುಷ್ಯ ಒಂದು ಸಲ ಆ ಜಾಕೆಟ್ ತೊಟ್ಟನೆಂದರೆ ಅದು ಅವನ ಮೈಗೆ ಹತ್ತಿಕೊಂಡ ಹಾಗೆ. ನಲವತ್ತೊಂದನೇ ವಯಸ್ಸಿಗೆ ಗುರುಬಸವನ ಉಳಿದ ಆಯುಷ್ಯವೆಲ್ಲ ಗೇಟಿನ ಪಾಲಾಗುವುದರಲ್ಲಿತ್ತು.

“ಈ ಸಲಾ ಎತ್ತರ ಸ್ವಲ್ಪ ಹಿಗ್ಗಸ್ರಿ,” ಎಂದಳು ಪಲ್ಲವಿ. “ಯಾರೂ ಟೇಪ್ ಹಿಡಕೊಂಡ ಬರಾಂಗಿಲ್ಲ.”

“ನಾ ಬರ್ತೀನಲ್ಲ,” ಎಂದ ಗುರುಬಸವ.

ಅವನು ಬೇರೆ ದಾರಿ ಹುಡುಕಿದ. ಎತ್ತರ ಹಿಗ್ಗಿಸುವಂತಿಲ್ಲ ಎಂದಾದರೆ, ಹಿಗ್ಗಿಸದೆಯೇ ಕಡಿದಾಗಿರುವ ನೆಲ ಬೇಕು. ಬಿಡುವಿನ ವೇಳೆಯಲ್ಲಿ ಅವನು ಇಂಟರ್ನೆಟ್ಟಿನಲ್ಲಿ ದೇಶದೇಶಗಳ ಹಳೆಯ ಸರ್ವೇ ನಕ್ಷೆಗಳನ್ನು ನೋಡುತ್ತಿದ್ದ, ಬೇರೆಯವರು ಕ್ರಿಕೆಟ್ ನೋಡುವ ಹಾಗೆ. ಅಲ್ಲಿ ಅವನಿಗೆ ಅಮೆರಿಕದ ಕಮರಿನಾಡಿನ ಒಂದು ಹಾಳೆ ಸಿಕ್ಕಿತು. ನೂರು ವರ್ಷಕ್ಕೂ ಹಿಂದೆ ಸರ್ವೇಯವರು ಹೇಸರಗತ್ತೆಗಳ ಮೇಲೆ ಮೇಜು, ಅಳತೆಕೋಲು ಹೊರಿಸಿಕೊಂಡು ಹೋಗಿ, ಕಮರಿಯ ಅಂಚಿನಲ್ಲಿ ಕೂತು ಬರೆದದ್ದು. ಇಪ್ಪತ್ತೈದು ಅಡಿ ಎತ್ತರಕ್ಕೊಂದು ಕಂದು ಕಾಂಟೂರ್ ಗೆರೆ, ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಎಳೆದದ್ದು. ಕಮರಿಯ ಗೋಡೆಯಲ್ಲಿ ಆ ಗೆರೆಗಳು ಒಂದಕ್ಕೊಂದು ಅಂಟಿಕೊಂಡು, ಬಾಚಣಿಗೆಯಿಂದ ಎಳೆದ ಕೂದಲಿನಂತೆ ಕಾಣುತ್ತಿದ್ದವು. ನಡುವೆ ಅಲ್ಲಲ್ಲಿ ಪುಟ್ಟ ಕಪ್ಪು ಗುರುತು. ಎಂಟು ನೂರು ವರ್ಷದ ಹಿಂದೆ ಬಂಡೆಯ ಹೊಟ್ಟೆಯೊಳಗೆ ಜನ ಕಟ್ಟಿಕೊಂಡ ಮನೆಗಳವು. ಕೋಣೆಗೆ ಕೋಣೆ ಒರಗಿದ ಇಡೀ ಓಣಿಗಳು, ಮೇಲೆ ಬಂಡೆಯೇ ಚಾವಣಿ. ಆ ಜನ ಬೇರೆ ಕಡೆ ಹೋಗಿ ನೆಲೆಸಿದರು, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ಇದ್ದಾರೆ. ಮನೆಗಳೂ ಹಾಗೆಯೇ ಇವೆ.

ಹಾಳೆಯಲ್ಲಿ ಗುರುಬಸವನ ಮನಸ್ಸಿಗೆ ಹತ್ತಿದ್ದು ಮಾತ್ರ ಬೇರೆ. ಕಮರಿಯ ಒಂದು ಕವಲಿನಲ್ಲಿ ಗೆರೆಗಳು ನಿಂತು ಬರೀ ಚುಕ್ಕೆಗಳಾಗಿದ್ದವು. ನಾವು ಅಲ್ಲಿಗೆ ಹೋಗಲಿಲ್ಲ, ಆದ್ದರಿಂದ ಗೊತ್ತಿಲ್ಲ ಎಂದು ಅದರ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದಿಟ್ಟ ಆ ಮಹನೀಯರಿಗೆ ಅವನು ಕುರ್ಚಿಯಲ್ಲಿ ಕೂತಲ್ಲೇ ಕೈ ಮುಗಿದ.

ಐದು ನೂರಕ್ಕೆ ಒಂದು ಎಂಬ ಸ್ಕೇಲ್ ಹಿಡಿದರೆ ಕಮರಿ ಎರಡು ಗೇಣು ಆಳ, ನಾಲ್ಕು ಗೇಣು ಅಗಲ. ಒಂದಿಷ್ಟೂ ಹಿಗ್ಗಿಸದೆ ಎದೆ ಝಲ್ಲೆನ್ನುವ ಕಡಿದಾದ ಗೋಡೆ. ತೊಂದರೆ ಒಂದೇ: ಕಮರಿಯನ್ನು ಕಟ್ಟಲು ಬರುವುದಿಲ್ಲ, ಅಗೆಯಬೇಕು.

ಅವನು ನೆಲದಡಿಯ ಕೇಬಲ್‌ಗಳ ವಿವರ ತರಿಸಿ ನೋಡಿ, ಹಿತ್ತಲಿನ ಬಟ್ಟೆ ಒಣಗಿಸುವ ತಿರುಗುಗಂಬದ ಪಕ್ಕದಲ್ಲಿ ಅಗೆಯಲು ಶುರುಮಾಡಿದ. ಗಿರಾವೀನ್‌ನ ಅಂಟುಮಣ್ಣು ಗೋಡೆ ಕಡಿಯಲು ಹೇಳಿ ಮಾಡಿಸಿದಂತಿತ್ತು. ಇಪ್ಪತ್ತೈದು ಅಡಿಗೊಂದು ಗೆರೆ ಅಂದರೆ ಒಂದೂವರೆ ಸೆಂಟಿಮೀಟರಿಗೊಂದು ಮೆಟ್ಟಿಲು. ಅವನು ಬೆಣ್ಣೆ ಹಚ್ಚುವ ಚಾಕುವಿನಿಂದ ಒಂದೊಂದೇ ಮೆಟ್ಟಿಲು ಕೊರೆದ. ಚುಕ್ಕೆಗಳಿದ್ದ ಕವಲನ್ನು ಅಗೆಯದೆ ಬಿಟ್ಟ.

“ಅರ್ಧಕ್ಕ ಯಾಕ ಬಿಟ್ರಿ?” ಎಂದು ಪಲ್ಲವಿ ಬಟ್ಟೆ ಒಣಹಾಕಲು ಬಂದವಳು ಕೇಳಿದಳು.

“ಅಲ್ಲಿ ಏನೈತಿ ಅಂತ ಅವರಿಗೆ ಗೊತ್ತಿಲ್ಲ.”

“ಯಾರಿಗೆ?”

“ಸರ್ವೇದವ್ರಿಗೆ.”

ಪಲ್ಲವಿ ಒದ್ದೆ ಲುಂಗಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಝಾಡಿಸಿದಳು.

ಗೋಡೆಯ ಹೊಟ್ಟೆಯಲ್ಲಿ ಒಂದು ಗವಿ ಕೊರೆದು, ಬಿಳಿ ಸೀಮೆಸುಣ್ಣದ ಕಡ್ಡಿಗಳನ್ನು ಉಗುರುಕತ್ತರಿಯಿಂದ ತುಂಡರಿಸಿ ಅದರೊಳಗೆ ಮನೆಗಳನ್ನು ಜೋಡಿಸಿದ. ಒಂದು ಕೋಣೆ ಅಕ್ಕಿಕಾಳಿನುದ್ದ. ಮೇಲಿನ ಹುಲ್ಲಿನ ಮೇಲೆ ಅಳಿವಿ ಬಿತ್ತಿದ, ಅದು ಕಾಡು. ಅಳಿವಿ ಮೊಳೆತ ದಿನವೇ ಸಿಡ್ನಿಯ ಕಸದ ಡಬ್ಬಿಗಳನ್ನು ಕೆದಕುವ ಉದ್ದ ಕೊಕ್ಕಿನ ಐಬಿಸ್ ಹಕ್ಕಿಯೊಂದು ಕಮರಿಗೆ ಇಳಿದು, ತಳದಲ್ಲಿ ರಾಜಗಾಂಭೀರ್ಯದಿಂದ ಅಡ್ಡಾಡಿತು. ಗುರುಬಸವ ಕಿಟಕಿಯಿಂದ ನೋಡಿ, “ಪಲ್ಲವಿ, ಮುನ್ನೂರಾ ಐವತ್ತು ಮೀಟರ್ ಎತ್ತರದ ಹಕ್ಕಿ ಬಂದೈತಿ,” ಎಂದು ಕೂಗಿದ. ಪಲ್ಲವಿ ಎಪ್ಪತ್ತು ಸೆಂಟಿಮೀಟರಿನ ಹಕ್ಕಿಯನ್ನು ಪೊರಕೆಯಿಂದ ಓಡಿಸಿದಳು.

ಉಳಿದದ್ದು ಜನ. ಐದು ಅಡಿಯ ಮನುಷ್ಯ ಈ ಸ್ಕೇಲ್‌ನಲ್ಲಿ ಮೂರು ಮಿಲಿಮೀಟರ್. ಗುರುಬಸವ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಅಳೆದ. ಸಾಸಿವೆ ಗಿಡ್ಡ, ಜೀರಿಗೆ ಎತ್ತರ. ಎಳ್ಳು ಸರಿಯಾಗಿ ಕೂತಿತು. ಪಲ್ಲವಿಯ ಹುಬ್ಬಿನ ಚಿಮುಟ ಹಿಡಿದು ಅವನು ಬಿಳಿ ಎಳ್ಳುಕಾಳುಗಳನ್ನು ಬಾಗಿಲಲ್ಲಿ, ಮಾಳಿಗೆಯ ಮೇಲೆ, ಕಮರಿಯ ತಳದ ನೀರಿನ ಬಳಿ ಒಂದೊಂದಾಗಿ ನಿಲ್ಲಿಸಿದ.

ಆದರೆ ನಿಯಮದ ಪ್ರಕಾರ ರಾಜ ಬೇಕು. ಆ ಜನರಲ್ಲಿ ನಾವು ತಿಳಿದ ಹಾಗೆ ರಾಜ ಇದ್ದಂತಿಲ್ಲ, ವಿನಾಯಿತಿ ಕೊಡಬೇಕು ಎಂದು ಅವನು ಬಳಗದ ವಾಟ್ಸಾಪಿನಲ್ಲಿ ದೀರ್ಘವಾಗಿ ಬರೆದ. ಲತೇಶ್ ಉತ್ತರವಾಗಿ ಇರುವ ಮೂರೇ ನಿಯಮಗಳನ್ನು ಮತ್ತೆ ಕಳಿಸಿದ. ರಾಜ ಮೇಲಿರಬೇಕು, ರಾಜನಿಲ್ಲದಿದ್ದರೆ ಸೊನ್ನೆ. ಹಸಿರು ಮೊಳೆತಿರಬೇಕು. ತೀರ್ಪುಗಾರರು ಅಂಗಳಕ್ಕೆ ಕಾಲಿಟ್ಟ ಮೇಲೆ ಕಟ್ಟಿದವರು ಕಿಲ್ಲಾಕ್ಕೆ ಕೈ ಹಚ್ಚುವಂತಿಲ್ಲ. ಮೂರನೆಯದು ಸಿಡ್ನಿಯದೇ ಬಡಾವಣೆ ಲಿವರ್‌ಪೂಲ್‌ನ ವೀರೇಂದ್ರನಿಂದ ಬಂದ ನಿಯಮ. ಅವನು ಒಮ್ಮೆ ತೀರ್ಪುಗಾರರ ಮುಂದೆ ಮುಂದೆ ಓಡುತ್ತ ಇನ್ನೊಂದು ಬುರುಜನ್ನೇ ಕಟ್ಟಿಬಿಟ್ಟಿದ್ದ.

ಗುರುಬಸವ ಒಂದು ಕರಿ ಎಳ್ಳು ತೆಗೆದು ಎಲ್ಲಕ್ಕಿಂತ ಮೇಲಿನ ಮಾಳಿಗೆಯ ಮೇಲೆ ಇಟ್ಟ. ಅದು ರಾಜ.

“ಹಬ್ಬದ ದಿನಾ ಕರಿ ಎಳ್ಳ?” ಎಂದಳು ಪಲ್ಲವಿ. “ತರ್ಪಣಾ ಬಿಡಾಕ್ಹತ್ತೀರೇನು?”

“ಬಿಳೇದ್ರಾಗ ಎದ್ದು ಕಾಣಬೇಕಲ್ಲ.”

ತೀರ್ಪಿಗೆ ಆ ಸಲ ಮೆಲ್ಬರ್ನ್‌ನ ವೆರಿಬೀಯಿಂದ ಗಿರಿಜವ್ವ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಎರಡೂ ಮೊಣಕಾಲು ನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಲತೇಶ್ ಅವಳನ್ನು ಕಾರಿನಲ್ಲಿ ಕೂರಿಸಿ ಮನೆಮನೆಗೆ ತಿರುಗಿಸುತ್ತಿದ್ದ. ಅವರ ಹಿಂದೆ ಬಳಗದ ಅರ್ಧ ಜನ. ವೀರೇಂದ್ರನ ಕಿಲ್ಲಾ ನೋಡಿ ಮುಗಿದಿತ್ತು. ಅದಕ್ಕೆ ಬಣ್ಣದ ದೀಪ, ಹೊಗೆ ಬಿಡುವ ಯಂತ್ರ, ತುತ್ತೂರಿಯ ಸದ್ದು ಎಲ್ಲ ಇತ್ತು. ಕೊನೆಯದು ಗುರುಬಸವನ ಮನೆ.

ಗಿರಿಜವ್ವ ಹಿತ್ತಲಿಗೆ ಬಂದು ಸುತ್ತ ನೋಡಿದಳು. ಹುಲ್ಲು, ಬೇಲಿ, ಬಟ್ಟೆಯ ಗಂಬ.

“ಎಲ್ಲೈತೋ ತಮ್ಮಾ ಕಿಲ್ಲಾ?”

“ಕೆಳಗ ನೋಡ್ರಿ ಆಂಟಿ.”

ಗಿರಿಜವ್ವ ಕೆಳಗೆ ನೋಡಿದಳು.

“ಇಟ್ಸ್ ಜಸ್ಟ್ ಅ ಹೋಲ್, ಅಂಕಲ್,” ಎಂದಿತು ಒಂದು ಮಗು.

“ಎಂತ ಮಾರಾಯ ಇದು?” ಎಂದ ಲತೇಶ್. “ಕಿಲ್ಲಾ ಕಟ್ಟು ಅಂದ್ರೆ ಬಾವಿ ತೋಡಿದ್ದೀಯಲ್ಲ.”

ಗುರುಬಸವ ವಿವರಿಸಿದ. ಸರ್ವೇಯವರು, ಹೇಸರಗತ್ತೆ, ಬಂಡೆಯ ಹೊಟ್ಟೆಯ ಮನೆಗಳು, ಐದು ನೂರಕ್ಕೆ ಒಂದು. ಎಳ್ಳಿನ ಮಾತು ಬಂದಾಗ ಹಿಂದಿನಿಂದ ವೀರೇಂದ್ರ, “ರಾಜಾನ ಮ್ಯಾಲ ಸ್ವಲ್ಪ ಬೆಲ್ಲಾ ಹಾಕೀರಿ?” ಎಂದ. ಎಲ್ಲರೂ ನಕ್ಕರು. ಗುರುಬಸವನಿಗೆ ಹಳದಿ ಜಾಕೆಟ್ಟಿನ ವಾಸನೆಯೇ ಬಂದಂತಾಯಿತು.

ಗಿರಿಜವ್ವ ಮಾತ್ರ ನಗಲಿಲ್ಲ. ಅವಳು ಕಮರಿಯ ಅಂಚಿನಲ್ಲಿ ಕಷ್ಟಪಟ್ಟು ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟಳು.

“ಈ ದೇಶಕ್ಕ ಬಂದ ಮ್ಯಾಲ ಕಾಲ ಇಳೇಬಿಟ್ಟ ಕುಂಡ್ರಾಕ ಇದs ಮೊದಲನೇ ಕಟ್ಟಿ ಸಿಕ್ಕಿದ್ದು,” ಎಂದು ಚೀಲದಿಂದ ಓದುವ ಭೂತಗನ್ನಡಿ ತೆಗೆದು ಗವಿಯ ಕಡೆ ಹಿಡಿದಳು. “ಹೊಲಾ ಎಲ್ಲಿದ್ದೂ ಇವರವು?”

“ಮ್ಯಾಲ, ನೀವು ಕುಂತಲ್ಲಿ.”

“ನೀರು?”

“ಕೆಳಗ. ಕೆಲವು ಕಡೆ ಗವಿ ಹಿಂದ ಬಂಡೆಯೊಳಗ ಜಿನುಗತಿತ್ತು.”

“ಅಂದ್ರ ದಿನಾ ಹೊಲಕ್ಕ ಹತ್ತೋದು, ನೀರಿಗೆ ಇಳಿಯೋದು. ಪಾಪ, ಮೊಣಕಾಲು ಏನಾಗಿರಬೇಕ ಅವರವು.” ಅವಳು ಭೂತಗನ್ನಡಿ ಸ್ವಲ್ಪ ಸರಿಸಿದಳು. “ಈ ಬಾಗಲದಾಗ ನಿಂತಾಕಿ ಯಾರು?”

“ಜೋಳಾ ಬೀಸಿ ಹೊರಗ ಬಂದಾಳ. ಮೆಕ್ಕಿಜೋಳ.”

“ದಣದಾಳ,” ಎಂದಳು ಗಿರಿಜವ್ವ ಎಳ್ಳುಕಾಳನ್ನು ನೋಡುತ್ತ.

ಲತೇಶ್ ಗಂಟಲು ಸರಿಮಾಡಿಕೊಂಡ. “ಅದೆಲ್ಲ ಸರಿ ಆಂಟಿ. ಆದ್ರೆ ರೂಲ್ ನಂಬರ್ ಒಂದು. ರಾಜ ಮೇಲಿರಬೇಕು. ಇಲ್ಲಿ ಮಕ್ಕಳ ಚಪ್ಪಲಿ ಕೂಡ ರಾಜನಿಗಿಂತ ಮೇಲಿದೆ.”

“ರಾಜಾ ಉಳದ ಮಂದಿಗಿಂತಾ ಮ್ಯಾಲದಾನ,” ಎಂದ ಗುರುಬಸವ.

“ಕಿಲ್ಲಾದ ಮೇಲೆ ಅಂತ ಇರೋದು. ಕಿಲ್ಲಾದ ಮೇಲೆ ಅಂದ್ರೆ ಇಲ್ಲಿ, ಈ ಹುಲ್ಲಲ್ಲಿ.”

ಗಿರಿಜವ್ವ ಭೂತಗನ್ನಡಿಯಲ್ಲಿ ರಾಜನನ್ನು ಹುಡುಕುತ್ತಿದ್ದಳು. “ಲತೇಶಾ, ಸ್ವಲ್ಪ ತಡಿ. ಇಲ್ಲಿ ಏನೋ ನಡದೈತಿ.”

ಮಾಳಿಗೆಯ ಮೇಲೆ ಒಂದು ಕಪ್ಪು ಇರುವೆ ಬಂದು ನಿಂತಿತ್ತು. ಸ್ಕೇಲ್ ಪ್ರಕಾರ ಅದು ಒಂದೂವರೆ ಮೀಟರ್, ಎಮ್ಮೆಕರುವಿನಷ್ಟು. ಅದು ರಾಜನನ್ನು ಮುಟ್ಟಿ ನೋಡಿತು, ಸುತ್ತ ಒಂದು ಪ್ರದಕ್ಷಿಣೆ ಹಾಕಿತು, ಆಮೇಲೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡಿತು.

“ಯವ್ವಾ, ಯಮನ ಕೋಣಾ,” ಎಂದಳು ಗಿರಿಜವ್ವ.

ಗುರುಬಸವನ ಕೈ ತಾನೇ ಚಿಮುಟದ ಕಡೆ ಹೋಯಿತು.

“ಕೈ ಹಚ್ಚಬೇಡ,” ಎಂದ ಲತೇಶ್. “ರೂಲ್ ಮೂರು.”

ಗುರುಬಸವ ಕೈ ಹಿಂದಕ್ಕೆ ಕಟ್ಟಿಕೊಂಡ. ಇರುವೆ ಕೆಳಗಿಳಿದು ಬಿಲ ಸೇರಿದರೆ ರಾಜನಿಲ್ಲ. ರಾಜನಿಲ್ಲದಿದ್ದರೆ ಸೊನ್ನೆ. ಸೊನ್ನೆಯಾದರೆ ಗೇಟು. ಅವನು ಹುಲ್ಲಿನ ಮೇಲೆ ಬೋರಲಾಗಿ ಮಲಗಿ ತಲೆಯನ್ನು ಅಂಚಿನಿಂದ ಆಚೆ ಚಾಚಿದ. ಅವನ ಪಕ್ಕದಲ್ಲಿ ಪಲ್ಲವಿ ಹೊಸ ಸೀರೆಯಲ್ಲೇ ಮಲಗಿದಳು. ಮಕ್ಕಳು ಮಲಗಿದವು. ವೀರೇಂದ್ರ ‘ಸರೀರಿ, ನನಗೂ ಕಾಣವಲ್ದು’ ಎಂದು ಮಲಗಿದ. ಸ್ವಲ್ಪ ಹೊತ್ತಿನಲ್ಲಿ ಗಿರಾವೀನ್ ಕನ್ನಡ ಬಳಗ ರೇಷ್ಮೆ, ಜರತಾರಿಯ ಸಮೇತ ಕಮರಿಯ ಎರಡೂ ದಂಡೆಯಲ್ಲಿ ಸಾಲಾಗಿ ಬೋರಲು ಬಿದ್ದಿತ್ತು. ಬೇಲಿಯಾಚೆಯ ಮನೆಯವರು ಇಣುಕಿ, ಹಬ್ಬದ ಪ್ರಾರ್ಥನೆ ಇರಬೇಕೆಂದು ಗೌರವದಿಂದ ತಲೆ ತಗ್ಗಿಸಿ ಒಳಗೆ ಹೋದರು.

ಇರುವೆ ಗವಿಯ ಬಾಯಿಗೆ ಬಂದು ಕೆಳಗೆ ನೋಡಿತು. ಗುರುಬಸವ ಉಸಿರು ಬಿಡಲಿಲ್ಲ. ಅದು ಎಡಕ್ಕೆ ತಿರುಗಿ ಗೋಡೆ ಹಿಡಿಯಿತು. ಅವನು ಕೊರೆದ ಮೆಟ್ಟಿಲೊಂದರ ಮೇಲೆ, ಒಂದೇ ಎತ್ತರದಲ್ಲಿ, ಗೆರೆ ಎಳೆದಂತೆ ನಡೆಯಿತು.

“ಕಾಂಟೂರ್ ಹಿಡಕೊಂಡ ಹೊಂಟೈತಿ,” ಎಂದ ಗುರುಬಸವ ಮೆಲ್ಲಗೆ. ಆ ಗಳಿಗೆಯಲ್ಲೂ ಅವನಿಗೆ ಹೆಮ್ಮೆಯಾಯಿತು.

“ಹೊಗಳಬ್ಯಾಡ್ರಿ, ಇಳದೀತು,” ಎಂದಳು ಪಲ್ಲವಿ.

ಇರುವೆ ಒಂದು ಮೆಟ್ಟಿಲು ಹತ್ತಿತು. ಇನ್ನೊಂದು ಹತ್ತಿತು. ರಾಜ ಜಾರಿ ಬಿದ್ದ. ಎಲ್ಲರ ಬಾಯಿಂದ ಒಟ್ಟಿಗೆ ಒಂದು ನಿಟ್ಟುಸಿರು ಹೊರಟು ಅಳಿವಿಯ ಕಾಡು ಅಲ್ಲಾಡಿತು. ಇರುವೆ ಹಿಂದೆ ಬಂದು, ರಾಜನನ್ನು ಬೇರೆ ತುದಿಯಿಂದ ಹಿಡಿದು, ಮತ್ತೆ ಹತ್ತಿತು. ಲತೇಶ್ ಇದುವರೆಗೂ ನಿಂತೇ ಇದ್ದವನು ಪಂಚೆ ಮೇಲೆತ್ತಿ ಕಟ್ಟಿ ಮೊಣಕಾಲೂರಿದ. ನಿಯಮಗಳೆಲ್ಲ ಅವನ ತಲೆಯಿಂದ ಇಳಿದುಹೋದವು, ಕನ್ನಡವೂ ಇಳಿದುಹೋಯಿತು. “ಮಿತ್ತ್ ಪೋಲಯಾ, ಮಿತ್ತ್,” ಎಂದು ಅವನು ತನ್ನ ತುಳುವಿನಲ್ಲಿ ಇರುವೆಯನ್ನು ಮೇಲೆ ಮೇಲೆ ಎಂದು ಹುರಿದುಂಬಿಸಿದ. ಅದು ಅರ್ಥವಾದಂತೆ ಇರುವೆ ಕೊನೆಯ ಮೆಟ್ಟಿಲನ್ನು ದಾಟಿ, ಅಂಚಿಗೆ ಬಂದು, ರಾಜನ ಸಮೇತ ಹುಲ್ಲಿನ ಮೇಲೆ ನಿಂತಿತು.

“ಬಂದಾ,” ಎಂದಳು ಗಿರಿಜವ್ವ. “ರಾಜಾ ಮ್ಯಾಲ ಬಂದಾ. ಯಾರೂ ಕೈ ಹಚ್ಚಿಲ್ಲ, ಎಲ್ಲಾರೂ ನೋಡೀರಿ.”

ಲತೇಶ್ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡಾಗ ನಿಯಮಗಳು ಅವನಿಗೆ ಮತ್ತೆ ನೆನಪಾದವು. “ಆಂಟಿ, ಆದ್ರೆ ಅವನೀಗ ಕಿಲ್ಲಾ ಬಿಟ್ಟು ಹೋಗ್ತಾ ಇದ್ದಾನಲ್ಲ.”

“ರಾಜಾ ಅಂದ ಮ್ಯಾಲ ಸವಾರಿ ಹೋಗತಾನೋ. ನಿನ್ನಂಗ ಅಧ್ಯಕ್ಷ ಆಗಿ ಒಂದs ಕಡೆ ಕುಂಡ್ರತಾನೇನು?” ಅವಳು ಪಲ್ಲವಿಯ ಭುಜ ಹಿಡಿದು ಎದ್ದು ನಿಂತಳು. “ಹೊಗಿ, ದೀಪಾ, ತುತ್ತೂರಿ ಭಾಳ ಚಂದ ಇದ್ದೂ, ಮೊದಲನೇದು ವೀರೇಂದ್ರಂದು. ಇನ್ನ ಎರಡನೇದು...”

ಅಷ್ಟರಲ್ಲಿ ಗುರುಬಸವ ಟೇಪು ಮತ್ತು ನಕ್ಷೆಯ ಹಾಳೆ ಹಿಡಿದು ಮುಂದೆ ಬಂದ. ಅವನ ಮುಖದಲ್ಲಿ ಒಂದು ಕಳವಳವಿತ್ತು. ಪಲ್ಲವಿಗೆ ಹದಿನಾಲ್ಕು ವರ್ಷದ ಸಂಸಾರದಿಂದ ಆ ಮುಖದ ಗುರುತಿತ್ತು. ಇರುವೆ ಹತ್ತಿ ಬಂದ ಜಾಗ ಅಂಚಿನ ಅತಿ ಎತ್ತರದ ಜಾಗವಲ್ಲ. ಸರಿಯಾಗಿ ನೋಡಿದರೆ, ನಾಲ್ಕು ಮಿಲಿಮೀಟರ್ ಕಡಿಮೆ. ಅಲ್ಲದೆ ಸರ್ವೇಯವರು ಕಾಲುದಾರಿ ಗುರುತಿಸಿದ್ದು ಒಂದು ಗೇಣು ಆಚೆಗೆ. ಇರುವೆ ತಪ್ಪು ದಾರಿಯಲ್ಲಿ ಬಂದಿತ್ತು.

“ಆಂಟಿ, ಒಂದ ಮಾತು,” ಎಂದು ಗುರುಬಸವ ಬಾಯಿ ತೆರೆದ. “ನಿಖರವಾಗಿ ಹೇಳಬೇಕಂದ್ರ...”

ಪಲ್ಲವಿ ಬಂದವರಿಗೆಂದು ಇಟ್ಟಿದ್ದ ತಟ್ಟೆಯಿಂದ ಒಂದು ಹಿಡಿ ಶಂಕರಪೋಳಿ ತೆಗೆದು ಅವನ ಬಾಯಿಗೆ ತುಂಬಿದಳು. ಕಣ್ಣಂದಾಜಿನಲ್ಲಿ ತೆಗೆದದ್ದು, ಆದರೆ ಬಾಯಿಗೆ ಸರಿಯಾಗಿ ಕೂತಿತು. ಸ್ವಲ್ಪ ಗಟ್ಟಿಯಾಗಿಯೂ ಇತ್ತು. ಅವನು ಅಗಿಯುತ್ತ ಟೇಪಿನಿಂದ ಅಂಚಿನ ಕಡೆ ತೋರಿಸಿದ, ನಾಲ್ಕು ಬೆರಳು ಎತ್ತಿದ, ಹುಬ್ಬು ಕುಣಿಸಿದ.

“ನಾಕ ಮಂದೀಗೆ ಚಹಾ ಬೇಕಂತಾನ,” ಎಂದಳು ಪಲ್ಲವಿ. “ನೀವು ಹೇಳ್ರಿ ಆಂಟಿ, ಎರಡನೇದು ಯಾರ್ದು?”

“ಇವಂದs ಮತ್ತ,” ಎಂದಳು ಗಿರಿಜವ್ವ.

ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಗುರುಬಸವ ಕೊನೆಯ ತುಣುಕು ನುಂಗಿದ. ಬಾಯಿ ಖಾಲಿಯಾಗಿತ್ತು. ಅವನು ಗಿರಿಜವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಪಲ್ಲವಿಯ ಕೈ ಮತ್ತೆ ತಟ್ಟೆಯ ಮೇಲಿತ್ತು.

“ಥ್ಯಾಂಕ್ಸ್ ರೀ,” ಎಂದ ಗುರುಬಸವ. “ಎತ್ತರಾ... ಸುಮಾರು ಸರಿ ಇತ್ತು.”